ತಮ್ಮನ ಲೆಕ್ಕ ಮತ್ತು ಗೆಲಿಲಿಯೊ

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ವಿಜ್ಞಾನಿಯೊಬ್ಬರ ಜೀವನದ ಬಗ್ಗೆ ನಾನು ಬರೆದಿರುವುದನ್ನು ನೋಡಿ ಸೈನ್ಸ್ ವಿಭಾಗದ ಗೆಳತಿಯರು ನಗಬಹುದು. ಇದಕ್ಕೆಲ್ಲ ಕಾರಣ ನನ್ನ ತಮ್ಮ.

ಅವನು ಒಂಬತ್ತನೇ ತರಗತಿ. ಒಂದು ರಾತ್ರಿ ಪುಸ್ತಕ ಹಿಡಿದುಕೊಂಡು ಬಂದ. 20 ಮೀಟರ್ ಎತ್ತರದ ಗೋಪುರದಿಂದ ಕಲ್ಲೊಂದನ್ನು ಕೈಬಿಟ್ಟರೆ ಅದು ಎಷ್ಟು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ ಎಂಬುದು ಪ್ರಶ್ನೆ. ಆಪಾ, ಪ್ರಶ್ನೆಯೇ ತಪ್ಪು, ಕಲ್ಲಿನ ತೂಕ ಕೊಟ್ಟಿಲ್ಲ ಎಂದ. ನನಗೂ ಹಾಗೆಯೇ ಅನ್ನಿಸಿತು. ನಮ್ಮ ಅಬ್ಬಾರದು ಕಿರಾಣಿ ಅಂಗಡಿ. ಅಲ್ಲಿ ತೂಕವಿಲ್ಲದೆ ಯಾವ ಲೆಕ್ಕವೂ ನಡೆಯುವುದಿಲ್ಲ. ನಾನು ಕಾಮರ್ಸ್, ನನ್ನನ್ನು ಕೇಳಬೇಡ ಎಂದು ಅವನನ್ನು ಕಳಿಸಿಬಿಟ್ಟೆ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾನು ಡಾಕ್ಟರ್ ಆಗಬೇಕೆಂಬುದು ಅಬ್ಬಾರ ಆಸೆಯಾಗಿತ್ತು. ಹತ್ತನೇ ತರಗತಿಯಲ್ಲಿ ಭೌತಶಾಸ್ತ್ರದ ಲೆಕ್ಕಗಳೆಂದರೆ ನನ್ನ ಕೈ ತಣ್ಣಗಾಗುತ್ತಿತ್ತು. ಆ ಹೆದರಿಕೆಯಿಂದಲೇ ನಾನು ವಾಣಿಜ್ಯ ತೆಗೆದುಕೊಂಡೆ. ಈಗ ಅಕೌಂಟೆನ್ಸಿ ನನಗೆ ಬಹಳ ಇಷ್ಟ. ಆದರೆ ಹೆದರಿ ಓಡಿ ಬಂದೆನಲ್ಲ ಎಂಬ ಮುಳ್ಳು ಮಾತ್ರ ಒಳಗೇ ಇತ್ತು. ಮರುದಿನ ಕಾಲೇಜಿನ ಗ್ರಂಥಾಲಯಕ್ಕೆ ಹೋದಾಗ ವಿಜ್ಞಾನದ ಕಪಾಟಿನಿಂದ ಗೆಲಿಲಿಯೊ ಅವರ ಜೀವನ ಚರಿತ್ರೆಯನ್ನು ತೆಗೆದುಕೊಂಡೆ.

ಗೆಲಿಲಿಯೊ ಹುಟ್ಟಿದ್ದು ಇಟಲಿಯ ಪೀಸಾ ನಗರದಲ್ಲಿ, 1564ರ ಫೆಬ್ರವರಿ 15ರಂದು. ತಂದೆ ವಿನ್ಸೆಂಜೊ ಸಂಗೀತಗಾರರು. ಮನೆಯಲ್ಲಿ ವಿದ್ಯೆ ಇತ್ತು, ಹಣ ಇರಲಿಲ್ಲ. ಮಗ ವೈದ್ಯನಾದರೆ ಮನೆಯ ಕಷ್ಟ ತೀರುತ್ತದೆ ಎಂದು ತಂದೆ 1581ರಲ್ಲಿ ಪೀಸಾ ವಿಶ್ವವಿದ್ಯಾಲಯಕ್ಕೆ ಸೇರಿಸಿದರು. ಇದನ್ನು ಓದಿದಾಗ ನನಗೆ ನಮ್ಮ ಮನೆಯೇ ನೆನಪಾಯಿತು. ಆದರೆ ಗೆಲಿಲಿಯೊಗೆ ಗಣಿತದ ರುಚಿ ಹತ್ತಿತು. 1585ರಲ್ಲಿ ಅವರು ಪದವಿ ಪಡೆಯದೆಯೇ ವೈದ್ಯಕೀಯ ಓದನ್ನು ಬಿಟ್ಟು ಬಂದರು. ನಾಲ್ಕು ವರ್ಷ ಮನೆಪಾಠ ಹೇಳಿಕೊಂಡು ಇದ್ದು, 1589ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಗಣಿತದ ಅಧ್ಯಾಪಕರಾದರು. ಸಂಬಳ ಬಹಳ ಕಡಿಮೆ.

1591ರಲ್ಲಿ ತಂದೆ ತೀರಿಕೊಂಡರು. ಹಿರಿಯ ಮಗನಾದ ಗೆಲಿಲಿಯೊ ಮೇಲೆ ತಾಯಿ, ತಮ್ಮ, ತಂಗಿಯರ ಭಾರ ಬಿತ್ತು. ತಂಗಿಯರ ವರದಕ್ಷಿಣೆಯ ಬಾಕಿ ತೀರಿಸಲು ಅವರು ವರ್ಷಗಟ್ಟಲೆ ಸಾಲದಲ್ಲಿ ಇರಬೇಕಾಯಿತು. ಇದು ನಮ್ಮ ಸುತ್ತಲೂ ನಡೆಯುವ ಕತೆಯೇ ಅಲ್ಲವೆ? 1592ರಲ್ಲಿ ಹೆಚ್ಚಿನ ಸಂಬಳಕ್ಕೆ ಪಾಡುವಾ ನಗರಕ್ಕೆ ಹೋದರು. ಅಲ್ಲಿ ವಿದ್ಯಾರ್ಥಿಗಳಿಗೆ ತಮ್ಮ ಮನೆಯಲ್ಲೇ ಊಟ, ವಸತಿ ಕೊಟ್ಟು ಹಣ ಸಂಪಾದಿಸಿದರು. ಲೆಕ್ಕ ಮಾಡುವ ಒಂದು ಲೋಹದ ಸಾಧನವನ್ನು ರೂಪಿಸಿ, ಕೆಲಸಗಾರನನ್ನು ಇಟ್ಟುಕೊಂಡು ಮಾಡಿಸಿ ಮಾರಿದರು. ಅದು ಸೈನಿಕರಿಗೆ ಫಿರಂಗಿಯ ಲೆಕ್ಕಕ್ಕೆ ಬರುತ್ತಿತ್ತು. ಚಕ್ರಬಡ್ಡಿ ಮತ್ತು ಬೇರೆ ಬೇರೆ ನಾಣ್ಯಗಳ ವಿನಿಮಯದ ಲೆಕ್ಕಕ್ಕೂ ಬರುತ್ತಿತ್ತು. ಇಲ್ಲಿಗೆ ಬಂದಾಗ ಇವರು ನಮ್ಮ ವಿಭಾಗದವರೇ ಎಂದು ನನಗೆ ಸಂತೋಷವಾಯಿತು.

ಈಗ ಕಲ್ಲಿನ ವಿಷಯಕ್ಕೆ ಬರುತ್ತೇನೆ. ಭಾರವಾದ ವಸ್ತು ಬೇಗ ಬೀಳುತ್ತದೆ, ಹಗುರವಾದದ್ದು ನಿಧಾನವಾಗಿ ಬೀಳುತ್ತದೆ ಎಂದು ಗ್ರೀಕ್ ವಿದ್ವಾಂಸ ಅರಿಸ್ಟಾಟಲ್ ಹೇಳಿದ್ದರು. ಸುಮಾರು ಎರಡು ಸಾವಿರ ವರ್ಷ ಹೆಚ್ಚಿನವರು ಇದನ್ನೇ ನಂಬಿದ್ದರು. ಗೆಲಿಲಿಯೊ ಪೀಸಾದ ವಾಲುಗೋಪುರದಿಂದ ಗುಂಡುಗಳನ್ನು ಬಿಟ್ಟು ತೋರಿಸಿದರು ಎಂಬ ಕತೆಯನ್ನು ನಾವೆಲ್ಲ ಕೇಳಿದ್ದೇವೆ. ಅದನ್ನು ಬರೆದವರು ಅವರ ಶಿಷ್ಯ ವಿವಿಯಾನಿ. ಅದು ಹಾಗೆಯೇ ನಡೆಯಿತೆಂದು ಅನೇಕ ಇತಿಹಾಸಕಾರರು ಒಪ್ಪುವುದಿಲ್ಲ. ನನಗೆ ಹಿಡಿಸಿದ್ದು ಗೋಪುರದ ಕತೆಯಲ್ಲ, ಅವರ ತರ್ಕ. ಭಾರದ ಕಲ್ಲಿಗೆ ಹಗುರ ಕಲ್ಲನ್ನು ಕಟ್ಟಿ ಬಿಟ್ಟರೆ ಏನಾಗಬೇಕು? ಹಗುರದ್ದು ನಿಧಾನವಾದರೆ ಅದು ಭಾರದ ಕಲ್ಲನ್ನು ಹಿಂದಕ್ಕೆ ಎಳೆಯಬೇಕು, ವೇಗ ಕಡಿಮೆಯಾಗಬೇಕು. ಆದರೆ ಎರಡೂ ಸೇರಿದಾಗ ತೂಕ ಹೆಚ್ಚಾಯಿತು, ಹಾಗಾದರೆ ವೇಗವೂ ಹೆಚ್ಚಾಗಬೇಕು. ಒಂದೇ ಮಾತಿನಿಂದ ಎರಡು ವಿರುದ್ಧ ಉತ್ತರ ಬಂದರೆ ಆ ಮಾತೇ ತಪ್ಪು. ಗಾಳಿಯ ಅಡ್ಡಿ ಇಲ್ಲದಿದ್ದರೆ ಎಲ್ಲವೂ ಒಟ್ಟಿಗೇ ಬೀಳಬೇಕು.

ಬೀಳುವ ವಸ್ತುವನ್ನು ಅಳೆಯುವುದು ಕಷ್ಟ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದು ನೆಲದಲ್ಲಿರುತ್ತದೆ. ಅದಕ್ಕೆ ಗೆಲಿಲಿಯೊ ಒಂದು ಮರದ ಹಲಗೆಯಲ್ಲಿ ಕಾಲುವೆಯಂತೆ ಗೀರು ಕೊರೆಸಿ, ನುಣುಪಾಗಿಸಿ, ಹಲಗೆಯನ್ನು ಓರೆಯಾಗಿಟ್ಟು ಕಂಚಿನ ಗುಂಡನ್ನು ಉರುಳಿಸಿದರು. ಬೀಳುವಿಕೆಯೇ ನಿಧಾನವಾಯಿತು. ಇಷ್ಟು ಚಿಕ್ಕ ಅವಧಿಯನ್ನು ನಿಖರವಾಗಿ ಅಳೆಯುವ ಗಡಿಯಾರ ಅವರ ಬಳಿ ಇರಲಿಲ್ಲ. ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನು ಹಿಡಿದು, ತಕ್ಕಡಿಯಲ್ಲಿ ತೂಗಿ, ಆ ತೂಕದಿಂದ ಸಮಯ ಲೆಕ್ಕ ಹಾಕಿದರು! ಒಂದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದರು.

ಉತ್ತರ ಸುಂದರವಾಗಿ ಬಂತು. ಸಮಾನ ಅವಧಿಗಳಲ್ಲಿ ಗುಂಡು ಹೋಗುವ ದೂರ 1, 3, 5, 7 ಎಂದು ಬೆಸ ಸಂಖ್ಯೆಗಳಲ್ಲಿ ಬೆಳೆಯುತ್ತದೆ. ಕೂಡುತ್ತಾ ಹೋದರೆ 1, 4, 9, 16. ಅಂದರೆ ಒಟ್ಟು ದೂರ ಸಮಯದ ವರ್ಗದಂತೆ ಹೆಚ್ಚುತ್ತದೆ. ಇನ್ನೊಂದು ಸಂಗತಿ ನನಗೆ ಧೈರ್ಯ ಕೊಟ್ಟಿತು. 1604ರಲ್ಲಿ ಅವರು ಈ ಉತ್ತರಕ್ಕೆ ಕೊಟ್ಟ ಕಾರಣ ತಪ್ಪಾಗಿತ್ತು. ಬಿದ್ದ ದೂರಕ್ಕೆ ತಕ್ಕಂತೆ ವೇಗ ಹೆಚ್ಚುತ್ತದೆ ಎಂದು ಭಾವಿಸಿದ್ದರು. ಆಮೇಲೆ ತಿದ್ದಿಕೊಂಡು, ವೇಗ ಹೆಚ್ಚುವುದು ಸಮಯಕ್ಕೆ ತಕ್ಕಂತೆ ಎಂದು ತೋರಿಸಿದರು. ಗೆಲಿಲಿಯೊ ಕೂಡ ಉತ್ತರವನ್ನು ಹೊಡೆದು ಹಾಕಿ ಮತ್ತೆ ಬರೆದವರೇ.

1609ರಿಂದ ಅವರ ಜೀವನ ತಿರುಗಿತು. ತಾವೇ ಮಾಡಿದ ದೂರದರ್ಶಕದಿಂದ ಆಕಾಶ ನೋಡಿ, 1610ರ ಜನವರಿಯಲ್ಲಿ ಗುರು ಗ್ರಹದ ನಾಲ್ಕು ಚಂದ್ರರನ್ನು ಕಂಡರು. ಹೆಸರು ಯುರೋಪಿನಾದ್ಯಂತ ಹಬ್ಬಿತು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬ ವಾದದ ಪರವಾಗಿ 1632ರಲ್ಲಿ ತಂದ ಪುಸ್ತಕ ಅವರನ್ನು ರೋಮಿನ ಧಾರ್ಮಿಕ ನ್ಯಾಯಾಲಯದ ಮುಂದೆ ನಿಲ್ಲಿಸಿತು. 1633ರ ಜೂನ್ 22ರಂದು, 69ನೇ ವಯಸ್ಸಿನಲ್ಲಿ, ಮೊಣಕಾಲೂರಿ ತಮ್ಮ ಮಾತನ್ನು ಹಿಂದಕ್ಕೆ ಪಡೆಯಬೇಕಾಯಿತು. ಕೊನೆಯ ವರ್ಷಗಳು ಫ್ಲಾರೆನ್ಸ್ ಹತ್ತಿರದ ಆರ್ಚೆಟ್ರಿಯಲ್ಲಿ ಗೃಹಬಂಧನದಲ್ಲಿ ಕಳೆದವು. ಅವರಿಗೆ ಆಸರೆಯಾಗಿದ್ದವಳು ಕ್ರೈಸ್ತ ಸನ್ಯಾಸಿನಿಯಾಗಿದ್ದ ಹಿರಿಯ ಮಗಳು ಮರಿಯಾ ಚೆಲೆಸ್ಟೆ. 1634ರಲ್ಲಿ ಅವಳೂ 33ನೇ ವಯಸ್ಸಿನಲ್ಲಿ ತೀರಿಕೊಂಡಳು.

ಎಲ್ಲವೂ ಮುಗಿಯಿತು ಎಂದು ಯಾರಾದರೂ ಕೈಚೆಲ್ಲುವ ಹೊತ್ತಿನಲ್ಲಿ ಅವರು ತಮ್ಮ ಹಳೆಯ ಹಲಗೆ, ಗುಂಡುಗಳ ಲೆಕ್ಕವನ್ನು ಮತ್ತೆ ಬಿಡಿಸಿ ಕೂತರು. ಚಲನೆಯ ಬಗೆಗಿನ ಅವರ ಶ್ರೇಷ್ಠ ಪುಸ್ತಕ 1638ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಅವರ ಎರಡೂ ಕಣ್ಣುಗಳು ಹೋಗಿದ್ದವು. 1642ರ ಜನವರಿ 8ರಂದು ನಿಧನರಾದರು. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಒಂದು ಸುತ್ತಿಗೆ, ಒಂದು ಗರಿಯನ್ನು ಒಟ್ಟಿಗೆ ಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು.

ಪುಸ್ತಕ ಮುಗಿಸಿದ ದಿನ ತಮ್ಮನನ್ನು ಕರೆದೆ. ಅಂಗಡಿಯಿಂದ 1 ಕೆಜಿ ಮತ್ತು 100 ಗ್ರಾಂ ತೂಕದ ಕಲ್ಲುಗಳನ್ನು ತಂದು, ಸ್ಟೂಲ್ ಮೇಲೆ ನಿಂತು, ಕೆಳಗೆ ಹಾಸಿದ್ದ ಗೋಣಿಚೀಲದ ಮೇಲೆ ಒಟ್ಟಿಗೆ ಬಿಟ್ಟೆ. ಒಂದೇ ಸದ್ದು ಕೇಳಿಸಿತು. ಆಮೇಲೆ ಖಾತೆ ಪುಸ್ತಕದಂತೆ ಗೆರೆ ಎಳೆದು ಬರೆದೆವು. ಗುರುತ್ವ ವೇಗೋತ್ಕರ್ಷವನ್ನು 10 ಎಂದು ತೆಗೆದುಕೊಂಡರೆ ಮೊದಲ ಸೆಕೆಂಡಿನಲ್ಲಿ 5 ಮೀಟರ್, ಎರಡನೆಯದರಲ್ಲಿ ಅದರ ಮೂರರಷ್ಟು, 15 ಮೀಟರ್. ಒಟ್ಟು 20. ಉತ್ತರ 2 ಸೆಕೆಂಡ್!

ಶಕ್ತಿಯ ಪಾಠದಲ್ಲೂ ಇದೇ ಇತ್ತು. ಎತ್ತರದಲ್ಲಿ ಕಲ್ಲಿಗಿದ್ದ ಸ್ಥಿತಿಶಕ್ತಿ ಬೀಳುತ್ತಾ ಚಲನಶಕ್ತಿಯಾಗುತ್ತದೆ, ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹೋದ ಹಾಗೆ. ಸಮೀಕರಣದ ಎರಡೂ ಕಡೆ ಕಲ್ಲಿನ ದ್ರವ್ಯರಾಶಿ ಇರುವುದರಿಂದ ಅದು ಹೊಡೆದು ಹೋಗುತ್ತದೆ. ಪ್ರಶ್ನೆಯಲ್ಲಿ ತೂಕ ಕೊಡದಿದ್ದುದಕ್ಕೆ ಕಾರಣ ಇಷ್ಟೆ, ಅದು ಬೇಕಾಗಿಯೇ ಇರಲಿಲ್ಲ.

ಅಬ್ಬಾ ಅಂಗಡಿಯಿಂದ ಬಂದು, ತೂಕದ ಕಲ್ಲುಗಳು ಇಲ್ಲೇಕೆ ಬಿದ್ದಿವೆ ಎಂದು ಕೇಳಿದರು. ತಮ್ಮ ಎಲ್ಲವನ್ನೂ ವಿವರಿಸಿ ಹೇಳಿದ. ಅಬ್ಬಾ ಇನ್ನೊಮ್ಮೆ ಬಿಟ್ಟು ತೋರಿಸಲು ಹೇಳಿದರು.

ನಾನು ವಾಣಿಜ್ಯ ಬಿಡುವುದಿಲ್ಲ, ಡಾಕ್ಟರ್ ಆಗುವುದೂ ಇಲ್ಲ. ಆದರೆ ಇನ್ನು ಮುಂದೆ ತಮ್ಮ ಪುಸ್ತಕ ತಂದರೆ ನಾನು ಕಾಮರ್ಸ್ ಎಂದು ಹೇಳುವುದಿಲ್ಲ. ಗೆಳತಿಯರೆ, ಗ್ರಂಥಾಲಯದಲ್ಲಿ ವಿಜ್ಞಾನದ ಕಪಾಟು ನಮಗೂ ತೆರೆದೇ ಇದೆ. ಒಮ್ಮೆ ಹೋಗಿ ನೋಡಿ.