ಹರ್ಮನ್ ಹೆಲ್‌ರೀಗೆಲ್

ಹರ್ಮನ್ ಹೆಲ್‌ರೀಗೆಲ್ (1831–1895) ಜರ್ಮನಿಯ ಕೃಷಿ ರಸಾಯನಶಾಸ್ತ್ರಜ್ಞರು. ದ್ವಿದಳ ಸಸ್ಯಗಳು ಬೇರುಗಂಟುಗಳಲ್ಲಿನ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಪಡೆಯುತ್ತವೆಂದು ಪ್ರಯೋಗದಿಂದ ತೋರಿಸಿದವರು.

ಸ್ಯಾಕ್ಸನಿಯಲ್ಲಿ ಜನಿಸಿದ ಇವರು ಥಾರಾಂಟ್‌ನಲ್ಲಿ ರಸಾಯನಶಾಸ್ತ್ರ ಕಲಿತು, ಡಾಮೆಯ ಕೃಷಿ ಸಂಶೋಧನಾ ಕೇಂದ್ರವನ್ನು ಬಹುಕಾಲ ನಡೆಸಿ, ಮುಂದೆ ಬರ್ನ್‌ಬುರ್ಗ್‌ನಲ್ಲಿ ನೆಲೆಸಿದರು. ಅಲ್ಲಿ ವಿಲ್ಫಾರ್ಟ್ ಅವರೊಡನೆ ಮರಳಿನ ಕುಂಡಗಳಲ್ಲಿ ಬೆಳೆಗಳನ್ನು ಬೆಳೆಸಿದರು. ಓಟ್ಸ್ ಮತ್ತು ಬಾರ್ಲಿ ಕೊಟ್ಟ ನೈಟ್ರೇಟಿಗೆ ತಕ್ಕಷ್ಟೇ ಬೆಳೆದವು. ಬಟಾಣಿ ಈ ಲೆಕ್ಕಕ್ಕೆ ಸಿಗಲಿಲ್ಲ. ನೈಟ್ರೇಟ್ ಇಲ್ಲದ ಕುಂಡಗಳಲ್ಲಿ ಒಂದು ಗಿಡ ಸೊರಗಿದರೆ ಪಕ್ಕದ್ದು ಹುಲುಸಾಗಿರುತ್ತಿತ್ತು. ಹುಲುಸಾದುದರ ಬೇರಿನಲ್ಲಿ ಗಂಟುಗಳಿದ್ದವು. ಕಾಯಿಸಿ ನಿರ್ಜೀವಗೊಳಿಸಿದ ಮರಳಿನಲ್ಲಿ ಗಂಟು ಮೂಡಲಿಲ್ಲ. ಹೊಲದ ಮಣ್ಣು ಕಲಸಿದ ತಿಳಿನೀರನ್ನು ಹಾಕಿದಾಗ ಮೂಡಿದವು. ಇಂಗ್ಲೆಂಡಿನ ಲಾಸ್ ಮತ್ತು ಗಿಲ್ಬರ್ಟ್ ಸಸ್ಯಗಳಿಗೆ ಗಾಳಿಯ ಸಾರಜನಕ ದಕ್ಕದೆಂದು ಹಿಂದೆಯೇ ತೀರ್ಮಾನಿಸಿದ್ದರು. ಅವರು ಮಣ್ಣನ್ನು ಅತಿ ಎಚ್ಚರಿಕೆಯಿಂದ ಸುಟ್ಟು ಶುದ್ಧಗೊಳಿಸಿದ್ದರು. ಆ ಎಚ್ಚರಿಕೆಯೇ ಅಗತ್ಯವಾದ ಜೀವಿಗಳನ್ನು ಕೊಂದಿತ್ತು. ಹೆಲ್‌ರೀಗೆಲ್ 1886ರಲ್ಲಿ ಬರ್ಲಿನ್ನಿನಲ್ಲಿ ತಮ್ಮ ಫಲಿತಾಂಶವನ್ನು ಮಂಡಿಸಿದರು. ಗಿಲ್ಬರ್ಟ್ ಮುಂದೆ ತಾವೇ ಪ್ರಯೋಗ ಮಾಡಿ ಅದನ್ನು ಒಪ್ಪಿಕೊಂಡರು. 1888ರಲ್ಲಿ ಬೈಯರಿಂಕ್ ಆ ಸೂಕ್ಷ್ಮಜೀವಿಯನ್ನು ಪ್ರತ್ಯೇಕಿಸಿದರು.

ಹೆಲ್‌ರೀಗೆಲ್ ಬರ್ನ್‌ಬುರ್ಗ್‌ನಲ್ಲಿಯೇ ನಿಧನರಾದರು.

ಮಣ್ಣಿನಲ್ಲಿ ನೈಟ್ರೇಟ್ ಹೆಚ್ಚಿದ್ದರೆ ಗಿಡವೇ ಗಂಟು ಕಟ್ಟುವುದನ್ನು ತಗ್ಗಿಸುತ್ತದೆ. ಗಂಟು ಮೂಡಲು ಬೇಕಾದ 'ನಿನ್' ಎಂಬ ವಂಶವಾಹಿಯನ್ನು ವಿಜ್ಞಾನಿಗಳು 1999ರಲ್ಲಿ ಗುರುತಿಸಿದರು. ನೈಟ್ರೇಟನ್ನು ಗ್ರಹಿಸುವ ಕೆಲವು ವಂಶವಾಹಿಗಳು ಅದೇ ಬಳಗಕ್ಕೆ ಸೇರಿವೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಮುಖ್ಯ ಬೆಳೆಯಾದ ತೊಗರಿಯೂ ಬೇರುಗಂಟಿನ ಸಸ್ಯವೇ. ಬಿತ್ತುವ ಮುನ್ನ ಬೆಲ್ಲದ ಪಾಕದೊಡನೆ ರೈಜೋಬಿಯಂ ಪುಡಿಯನ್ನು ಬೀಜಕ್ಕೆ ಲೇಪಿಸಲು ಕೃಷಿ ತಜ್ಞರು ಹೇಳುವುದು ಈ ಶೋಧದ ಆಧಾರದ ಮೇಲೆಯೇ.