ಬೆಂಗಳೂರಿಗೆ ವಿಮಾನ ತಂದ ಸೋಲಾಪುರದ ಸೇಠ್

ಬೆಂಗಳೂರಿನ ಎಚ್‌ಎಎಲ್ ಅಂದ್ರೆ ಎಲ್ಲರಿಗೂ ಗೊತ್ತು. ಅದನ್ನು ಶುರು ಮಾಡಿದ್ದು ಸರ್ಕಾರ ಅಲ್ಲ, ಒಬ್ಬ ವ್ಯಾಪಾರಿ ಅಂತ ಗೊತ್ತಿರೋರು ಕಡಿಮೆ. ಅವರೇ ಸೇಠ್ ವಾಲ್‌ಚಂದ್ ಹೀರಾಚಂದ್.

1882ರಲ್ಲಿ ಸೋಲಾಪುರದ ಜೈನ ಕುಟುಂಬದಲ್ಲಿ ಹುಟ್ಟಿದರು. ಮನೆಯಲ್ಲಿ ಹತ್ತಿ ವ್ಯಾಪಾರ, ಲೇವಾದೇವಿ. ಅದು ಇವರಿಗೆ ಒಗ್ಗಲಿಲ್ಲ. ರೈಲ್ವೆ ಗುತ್ತಿಗೆಗೆ ಇಳಿದರು, ಭೋರ್ ಘಾಟಿನ ಸುರಂಗ ಕೊರೆಸಿದರು. 1919ರಲ್ಲಿ ಬ್ರಿಟಿಷ್ ಹಡಗು ಕಂಪನಿಗಳಿಗೆ ಎದುರಾಗಿ ಸಿಂಧಿಯಾ ಹಡಗು ಕಂಪನಿ ಕಟ್ಟಿದರು.

1939ರಲ್ಲಿ ಮೋಟಾರು ಕಾರ್ಖಾನೆಯ ಮಾತುಕತೆಗೆ ಅಮೆರಿಕಕ್ಕೆ ಹೋಗಿದ್ದರು. ವಾಪಸ್ ಬರುವಾಗ ವಿಮಾನದಲ್ಲಿ ಸಿಕ್ಕವರು ವಿಲಿಯಂ ಪಾಲಿ, ಚೀನಾದಲ್ಲಿ ಯುದ್ಧವಿಮಾನ ಜೋಡಿಸುತ್ತಿದ್ದ ಅಮೆರಿಕನ್. ಆ ಕೆಲಸ ಭಾರತದಲ್ಲೇ ಯಾಕಾಗಬಾರದು ಅನ್ನೋ ಯೋಚನೆ ಅಲ್ಲೇ ಹುಟ್ಟಿತು.

ಜಾಗ ಬೇಕಿತ್ತು. ಮೈಸೂರು ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಕೈ ಹಿಡಿದರು. ಸಂಸ್ಥಾನ 700 ಎಕರೆ ಜಮೀನು ಕೊಟ್ಟು, ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. 1941ರಲ್ಲೇ ಮೊದಲ ವಿಮಾನ, ಹಾರ್ಲೋ ತರಬೇತಿ ವಿಮಾನ, ಜೋಡಣೆಯಾಗಿ ಮೇಲೆ ಹಾರಿತು. ಕರ್ಟಿಸ್ ಹಾಕ್ ಯುದ್ಧವಿಮಾನ, ವಲ್ಟೀ ಬಾಂಬರ್ ಜೋಡಿಸುವ ಕೆಲಸವೂ ಬಂತು.

ಅಷ್ಟರಲ್ಲಿ ಜಪಾನ್ ಯುದ್ಧಕ್ಕಿಳಿಯಿತು. 1942ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸರ್ಕಾರ ವಾಲ್‌ಚಂದ್ ಪಾಲನ್ನು ಕೊಂಡುಕೊಂಡಿತು. ಹಣವೇನೋ ಬಂತು. ಆದರೆ ಕಟ್ಟಿ ಒಂದೂವರೆ ವರ್ಷವೂ ಆಗದ ಕಾರ್ಖಾನೆ ಕೈ ತಪ್ಪಿತು. ಮೈಸೂರು ಸಂಸ್ಥಾನ ಮಾತ್ರ ತನ್ನ ಪಾಲು ಮಾರಲಿಲ್ಲ, ಆಡಳಿತ ಬಿಟ್ಟುಕೊಟ್ಟಿತು ಅಷ್ಟೇ. 1943ರಲ್ಲಿ ಕಾರ್ಖಾನೆ ಅಮೆರಿಕ ಸೇನೆಯ ಸುಪರ್ದಿಗೆ ಹೋಯಿತು. ಹೊಸ ವಿಮಾನದ ಬದಲು ರಿಪೇರಿ ಕೆಲಸ. ನಾಲ್ಕು ಇಂಜಿನ್‌ನ ಲಿಬರೇಟರ್ ಬಾಂಬರ್, ನೀರಿನ ಮೇಲಿಳಿಯುವ ಕ್ಯಾಟಲೀನಾ ಇಲ್ಲಿ ಬಿಚ್ಚಿ ಸರಿಯಾಗಿ ಮತ್ತೆ ಹಾರಿದವು.

ಆ ಕೈಚಳಕ ಯುದ್ಧ ಮುಗಿದ ಮೇಲೆ ಉಪಯೋಗಕ್ಕೆ ಬಂತು. ಬ್ರಿಟಿಷರು ಕಾನ್ಪುರದಲ್ಲಿ ಗುಜರಿಗೆ ಬಿಟ್ಟುಹೋದ ಲಿಬರೇಟರ್‌ಗಳನ್ನು ಎಚ್‌ಎಎಲ್‌ನವರು ಹಾರುವಷ್ಟರ ಮಟ್ಟಿಗೆ ಸರಿಮಾಡಿದರು. ಪೈಲಟ್ ಜಮ್‌ಶೆಡ್ ಮುನ್ಶಿ ಒಂದೊಂದಾಗಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಹೀಗೆ ಬದುಕಿಕೊಂಡ 40ರಷ್ಟು ವಿಮಾನಗಳಿಂದಲೇ 1948ರಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾಯಿತು. ಸ್ವತಂತ್ರ ಭಾರತದ ಮೊದಲ ಭಾರೀ ಬಾಂಬರ್ ಪಡೆ ಅದು.

ವಾಲ್‌ಚಂದ್ ಕೈಕಟ್ಟಿ ಕೂರಲಿಲ್ಲ. ವಿಶಾಖಪಟ್ಟಣದ ಹಡಗುಕಟ್ಟೆ, ಪ್ರೀಮಿಯರ್ ಕಾರು ಕಂಪನಿ ಎರಡೂ ಅವರದ್ದೇ. 1949ರಲ್ಲಿ ಪಾರ್ಶ್ವವಾಯು ಬಡಿಯಿತು, 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು. ಅವರು ಹಾಕಿದ ಅಂಗಡಿ ಅವರ ಕೈಲಿ ಉಳಿಯಲಿಲ್ಲ, ಆದರೆ ಇವತ್ತಿಗೂ ಬಾಗಿಲು ಮುಚ್ಚಿಲ್ಲ.