ಸಂತ ಜೋಸೆಫಿನ್ ಬಕಿತಾ: ಗಾಯಗೊಂಡ ಕೈಯ ಕಸೂತಿ

ಪ್ರತಿವರ್ಷ ಫೆಬ್ರವರಿ 8ರಂದು ಧರ್ಮಸಭೆಯು ಸಂತ ಜೋಸೆಫಿನ್ ಬಕಿತಾ ಅವರ ಹಬ್ಬವನ್ನು ಆಚರಿಸುತ್ತದೆ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಅವರ ಕಥೆಯನ್ನು ನಾವು ಪ್ರವಚನಗಳಲ್ಲಿ ಕೇಳಿದ್ದೇವೆ. ಆದರೆ ಆ ಬಳಿಕ ಐವತ್ತಕ್ಕೂ ಹೆಚ್ಚು ವರ್ಷ ಅವರು ಹೇಗೆ ಬಾಳಿದರು ಎಂಬುದರತ್ತ ನಮ್ಮ ಗಮನ ಹೋಗುವುದು ಕಡಿಮೆ. ಅಡುಗೆ, ಹೊಲಿಗೆ, ಕಸೂತಿ, ಕಾನ್ವೆಂಟಿನ ಬಾಗಿಲ ಕೆಲಸ. ಬಹುಪಾಲು ಇಷ್ಟೇ.

ಅವರು ಹುಟ್ಟಿದ್ದು 1869ರ ಸುಮಾರಿಗೆ, ಸುಡಾನಿನ ದಾರ್ಫುರ್ ಪ್ರದೇಶದಲ್ಲಿ. ಇನ್ನೂ ಚಿಕ್ಕ ಬಾಲಕಿಯಾಗಿದ್ದಾಗಲೇ ಗುಲಾಮ ವ್ಯಾಪಾರಿಗಳು ಅಪಹರಿಸಿದರು. ಆ ಭಯದಲ್ಲಿ ತಂದೆತಾಯಿ ಇಟ್ಟ ಹೆಸರೇ ಮರೆತುಹೋಯಿತು. ಬಕಿತಾ ಎಂಬುದು ಅಪಹರಿಸಿದವರು ಕೊಟ್ಟ ಹೆಸರು. ಅರಬಿಯಲ್ಲಿ ಅದರ ಅರ್ಥ ಅದೃಷ್ಟವಂತೆ!

ಹಲವು ಬಾರಿ ಮಾರಾಟವಾದ ಆಕೆ ಎಲ್ ಒಬೇದ್ ಪಟ್ಟಣದಲ್ಲಿ ತುರ್ಕಿ ಸೇನಾಧಿಕಾರಿಯೊಬ್ಬನ ಮನೆ ಸೇರಿದಳು. ಅಲ್ಲಿ ಗುಲಾಮರ ಮೈಮೇಲೆ ಹಚ್ಚೆ ಹಾಕಿಸುವ ಪದ್ಧತಿ ಇತ್ತು. ಮೊದಲು ಬಿಳಿ ಹಿಟ್ಟಿನಿಂದ ಚರ್ಮದ ಮೇಲೆ ಚಿತ್ತಾರ ಬರೆದರು. ಆ ಗೆರೆಯ ಮೇಲೆಯೇ ಕ್ಷೌರದ ಕತ್ತಿಯಿಂದ ಕೊಯ್ದು, ಗಾಯ ಕೂಡಿಕೊಳ್ಳದಂತೆ ಉಪ್ಪು ತುಂಬಿದರು. ಎದೆಯ ಮೇಲೆ 6, ಹೊಟ್ಟೆಯ ಮೇಲೆ 60, ಬಲತೋಳಿನಲ್ಲಿ 48, ಒಟ್ಟು 114 ಗಾಯಗಳು. ಅವು ಕೊನೆಯವರೆಗೂ ಮಾಸಲಿಲ್ಲ.

1883ರಲ್ಲಿ ಖಾರ್ಟೂಮಿನ ಇಟಲಿ ಉಪ ಕಾನ್ಸುಲ್ ಕಲ್ಲಿಸ್ತೊ ಲೆಗ್ನಾನಿ ಆಕೆಯನ್ನು ಖರೀದಿಸಿದರು. ಅವರ ಮನೆಯಲ್ಲಿ ಹೊಡೆತ ಇರಲಿಲ್ಲ. 1885ರಲ್ಲಿ ಇಟಲಿ ತಲುಪಿದ ಬಕಿತಾ ಮಿಕಿಯೇಲಿ ಕುಟುಂಬದಲ್ಲಿ ಮಗುವಿನ ದಾದಿಯಾದರು. ಕೆಲ ವರ್ಷಗಳ ಬಳಿಕ ಆ ಮಗುವಿನೊಂದಿಗೆ ವೆನಿಸ್‌ನ ಕನೋಸ್ಸಿಯನ್ ಧರ್ಮಭಗಿನಿಯರ ಬಳಿ ಉಳಿದರು. ಯಜಮಾನಿ ಕರೆದೊಯ್ಯಲು ಬಂದಾಗ ಹೋಗಲು ಒಪ್ಪಲಿಲ್ಲ. ವಿಷಯ ನ್ಯಾಯಾಲಯಕ್ಕೆ ಹೋಗಿ 1889ರ ನವೆಂಬರ್ 29ರಂದು ಅವರು ಸ್ವತಂತ್ರರೆಂಬ ತೀರ್ಪು ಬಂತು. 1890ರ ಜನವರಿ 9ರಂದು ದೀಕ್ಷಾಸ್ನಾನ ಪಡೆದರು. 1896ರ ಡಿಸೆಂಬರ್ 8ರಂದು ವ್ರತ ಸ್ವೀಕರಿಸಿದರು.

1902ರಲ್ಲಿ ಅವರನ್ನು ಸ್ಕಿಯೊ ಪಟ್ಟಣಕ್ಕೆ ಕಳುಹಿಸಲಾಯಿತು. ಉಣ್ಣೆ ಗಿರಣಿಗಳ ಊರದು. ನೂಲು, ಬಟ್ಟೆಯಿಂದಲೇ ಬದುಕುವ ಜನ. ಅಲ್ಲಿನ ಕಾನ್ವೆಂಟಿನಲ್ಲಿ ಅಡುಗೆಯ ಜೊತೆಗೆ ಬಕಿತಾ ಸೂಜಿ ದಾರವನ್ನೂ ಹಿಡಿದರು. ಬಲಿಪೀಠದ ಬಟ್ಟೆಗೆ ಕಸೂತಿ ಹಾಕಿದ ನಮ್ಮ ಊರಿನ ಅಮ್ಮಂದಿರಿಗೆ ಈ ಕೆಲಸ ಗೊತ್ತು. ಮೊದಲು ಬಟ್ಟೆಯ ಮೇಲೆ ಚಿತ್ತಾರ ಬರೆದುಕೊಳ್ಳಬೇಕು, ಆಮೇಲೆ ಗೆರೆ ಹಿಡಿದು ಸೂಜಿ ಓಡಿಸಬೇಕು. ಎಲ್ ಒಬೇದ್‌ನಲ್ಲಿ ಆಕೆಯ ಚರ್ಮದ ಮೇಲೆ ನಡೆದದ್ದೂ ಅದೇ ಕ್ರಮದಲ್ಲಿ. ಈಗ ಅದೇ 48 ಗಾಯಗಳ ತೋಳು ಗೆರೆಯ ಮೇಲೆ ಹೂವು ಮೂಡಿಸುತ್ತಿತ್ತು. ಕಸೂತಿಯಿಂದಲೇ ಮನಸ್ಸಿನ ಗಾಯ ವಾಸಿಯಾಯಿತು ಎಂದು ಹೇಳಲಾಗದು. ಪ್ರಾರ್ಥನೆಯಿತ್ತು, ಸಹಭಗಿನಿಯರ ಪ್ರೀತಿಯಿತ್ತು. ಆದರೆ ಯಜಮಾನನ ಆಜ್ಞೆಗೆ ಮಾತ್ರ ದುಡಿದಿದ್ದ ಕೈಗಳಿಗೆ ಇತರರೊಡನೆ ಕುಳಿತು ಮಾಡುವ ಈ ಕೆಲಸ ಸಣ್ಣ ವಿಷಯವೇನೂ ಅಲ್ಲ ಎಂಬುದು ನನ್ನ ಅನಿಸಿಕೆ.

ಮುಂದೆ ಬಾಗಿಲ ಕೆಲಸ ಅವರ ಪಾಲಿಗೆ ಬಂತು. ಶಾಲೆಗೆ ಬರುವ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದರು. ಊರವರು ಪ್ರೀತಿಯಿಂದ ಮಾದ್ರೆ ಮೊರೆತ್ತಾ, ಅಂದರೆ ಕಪ್ಪು ತಾಯಿ, ಎಂದು ಕರೆದರು. ಎರಡನೇ ಮಹಾಯುದ್ಧದ ಬಾಂಬ್ ದಾಳಿಗಳ ಕಾಲದಲ್ಲಿ ಆ ತಾಯಿ ತಮ್ಮೊಡನೆ ಇದ್ದಾರೆಂಬುದೇ ಅವರಿಗೆ ಧೈರ್ಯ.

ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದ ಬಕಿತಾ 1947ರ ಫೆಬ್ರವರಿ 8ರಂದು ಸ್ಕಿಯೊದಲ್ಲಿಯೇ ನಿಧನರಾದರು. 2000ದ ಅಕ್ಟೋಬರ್ 1ರಂದು ಪೋಪ್ ಎರಡನೇ ಜಾನ್ ಪಾವ್ಲ್ ಅವರನ್ನು ಸಂತರೆಂದು ಘೋಷಿಸಿದರು. 2015ರಿಂದ ಅವರ ಹಬ್ಬದ ದಿನದಂದು ಮಾನವ ಸಾಗಾಟಕ್ಕೆ ಬಲಿಯಾದವರಿಗಾಗಿ ಜಗತ್ತಿನಾದ್ಯಂತ ಪ್ರಾರ್ಥನೆ ನಡೆಯುತ್ತಿದೆ.